ಜರ್ಮನಿಯ ರೂಮು ಖಾಲಿ ಮಾಡಿ ಊರಿಗೆ ಹೊರಡುವವರಿಗೆ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ಜರ್ಮನಿಗೆ ಓದಲು ಹೋದ ಮಕ್ಕಳು ಹೊರಡುವ ತಯಾರಿ ಎಂದರೆ ಪೆಟ್ಟಿಗೆ ಕಟ್ಟುವುದು ಎಂದುಕೊಳ್ಳುತ್ತಾರೆ. ಪೆಟ್ಟಿಗೆ ಒಂದು ದಿನದ ಕೆಲಸ. ಕಾಗದಪತ್ರಕ್ಕೆ ಮೂರು ತಿಂಗಳು ಬೇಕು. ಅದು ಹಿಂದುಮುಂದಾದರೆ ಠೇವಣಿ ಹಣ ಸಿಕ್ಕಿಬೀಳುತ್ತದೆ, ಊರು ಸುತ್ತಿ ನಾಲ್ಕು ಜನರನ್ನು ಕಂಡು ಬರಬೇಕಾದ ಕೊನೆಯ ವಾರ ಆಫೀಸುಗಳ ಮುಂದೆ ಕಳೆದುಹೋಗುತ್ತದೆ.

ಮೊದಲು ರೂಮಿನ ನೋಟಿಸು. ಮಾಮೂಲು ಬಾಡಿಗೆ ಕರಾರಿನಲ್ಲಿ ಸೆಪ್ಟೆಂಬರ್ 30ಕ್ಕೆ ಬಿಡುವುದಿದ್ದರೆ ನೋಟಿಸು ಜುಲೈ ತಿಂಗಳ ಮೂರನೆಯ ಕೆಲಸದ ದಿನದೊಳಗೆ ಮನೆಯೊಡೆಯರ ಕೈ ಸೇರಿರಬೇಕು. ಒಂದು ದಿನ ತಡವಾದರೂ ಅಕ್ಟೋಬರ್ ಬಾಡಿಗೆ ತಲೆಗೆ ಬೀಳುತ್ತದೆ. ಇಮೇಲ್, ವಾಟ್ಸಾಪ್ ನಡೆಯುವುದಿಲ್ಲ. ಕಾಗದದ ಮೇಲೆ ಪೆನ್ನಿನಲ್ಲಿ ಹಾಕಿದ ಸಹಿಯೇ ಬೇಕು. ಹಾಸ್ಟೆಲಿನ ಕರಾರಿಗೆ ಬೇರೆ ಲೆಕ್ಕ ಉಂಟು, ಅದನ್ನು ಓದಿಯೇ ನೋಡಬೇಕು.

ಹೊರಡುವ ಮೊದಲು ಬ್ಯಾಂಕ್ ಖಾತೆ ಮುಚ್ಚಬೇಡಿ. ತಪ್ಪು ಹೆಚ್ಚಾಗಿ ಆಗುವುದು ಇಲ್ಲೇ. ಕೌತ್ಸಿಯೋನ್ ಎನ್ನುವ ಠೇವಣಿ ಮೂರು ತಿಂಗಳ ಮೂಲ ಬಾಡಿಗೆಯಷ್ಟು ಇರಬಹುದು. ಅದು ಕೀಲಿ ಕೊಟ್ಟ ಮರುದಿನ ಬರುವುದಲ್ಲ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ನೀರು, ಹೀಟರಿನ ವಾರ್ಷಿಕ ಲೆಕ್ಕಕ್ಕೆಂದು ಒಂದಷ್ಟನ್ನು ಇನ್ನೂ ಹೆಚ್ಚು ದಿನ ಹಿಡಿದಿಡುವುದೂ ಉಂಟು. ಯುರೋಪಿನಲ್ಲಿ ಹಣ ಹಾಕಲು ಬಳಸುವ ಐಬ್ಯಾನ್ ಎಂಬ ಖಾತೆ ನಂಬರ್ ನಮ್ಮ ಬ್ಯಾಂಕುಗಳಿಗೆ ಇಲ್ಲದ್ದರಿಂದ ಅಲ್ಲಿನ ಮನೆಯೊಡೆಯರು ಇಲ್ಲಿಗೆ ನೇರ ಹಣ ಹಾಕಲು ಹಿಂಜರಿಯುತ್ತಾರೆ. ಬ್ಯಾಂಕಿನ ಒಟಿಪಿ ಅಲ್ಲಿನ ಮೊಬೈಲ್ ನಂಬರಿಗೆ ಬರುವುದಾದರೆ ಆ ಸಿಮ್ಮನ್ನು ಪ್ರಿಪೇಯ್ಡ್ ಮಾಡಿ ಉಳಿಸಿಕೊಳ್ಳಿ.

ಆಮೇಲೆ ಆಬ್‌ಮೆಲ್ಡುಂಗ್, ಅಂದರೆ ಜರ್ಮನಿಯಲ್ಲಿ ನೀವಿದ್ದ ನಗರದ ನಿವಾಸಿಗಳ ದಾಖಲೆಯಿಂದ ಹೆಸರು ತೆಗೆಸುವುದು. ಮನೆ ಬಿಡುವ 7 ದಿನ ಮೊದಲಿನಿಂದ ಹಿಡಿದು ಬಿಟ್ಟ 14 ದಿನದೊಳಗೆ ಮಾಡಬೇಕು. ಸಿಗುವ ಚೀಟಿಯನ್ನು ಸ್ಕ್ಯಾನ್ ಮಾಡಿಡಿ, ವಿಮೆಯವರೂ, ರೇಡಿಯೋ-ಟಿವಿಗೆಂದು ಮನೆಮನೆಯಿಂದ ವಸೂಲಾಗುವ ರೇಡಿಯೋ ಶುಲ್ಕದವರೂ ಅದನ್ನೇ ಕೇಳುವುದು. ಫಾರಮ್ಮಿನಲ್ಲಿ ಹೊಸ ವಿಳಾಸದ ಬೀದಿ, ಮನೆ ನಂಬರ್ ಕೇಳುತ್ತಾರೆ. ನಮ್ಮಲ್ಲಿ ಬೀದಿಯೆಲ್ಲಿ! ಮನೆ ಹೆಸರು, ಪೋಸ್ಟ್, ವಯಾ — ಇಷ್ಟೇ. ಬೀದಿಯ ಜಾಗದಲ್ಲಿ ಮನೆ ಹೆಸರು, ಊರಿನ ಜಾಗದಲ್ಲಿ ಪೋಸ್ಟ್ ಮತ್ತು 671ರಿಂದ ಶುರುವಾಗುವ ಪಿನ್ ಬರೆಯಿರಿ. ಕುಂಬಳೆ, ಬದಿಯಡ್ಕ, ಕಾಸರಗೋಡು ಇವನ್ನೆಲ್ಲ ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಲ್ಲಿ ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಇದ್ದದ್ದನ್ನೇ ಎಲ್ಲ ಕಡೆ ಹಾಕಿ. ರೂಮು ಬಿಡದೆ ಎರಡು ತಿಂಗಳು ಊರಿಗೆ ಹೋಗಿ ಕೆಲಸ ಹುಡುಕಲು ವಾಪಸು ಬರುವ ಯೋಚನೆ ಇದ್ದವರಿಗೆ ಆಬ್‌ಮೆಲ್ಡುಂಗ್ ಬೇಡ. ಆದರೆ ಆರು ತಿಂಗಳಿಗಿಂತ ಹೆಚ್ಚು ಜರ್ಮನಿಯ ಹೊರಗಿದ್ದರೆ ಸಾಮಾನ್ಯವಾಗಿ ವಾಸದ ಪರವಾನಗಿಯೇ ರದ್ದಾಗುತ್ತದೆ, ಅದು ನೆನಪಿರಲಿ.

ಉಳಿದ ಕರಾರುಗಳಲ್ಲಿ ಕರೆಂಟಿನದ್ದು ಈಗ ಬಿಗಿ. 2025ರ ಜೂನ್ ನಂತರ ಹಿಂದಿನ ತಾರೀಕು ಹಾಕಿ ಕರೆಂಟ್ ಕರಾರು ಮುಗಿಸಲು ಆಗುವುದಿಲ್ಲ, ಆದ್ದರಿಂದ ಮನೆ ಬಿಡುವ ಎರಡು ಮೂರು ವಾರ ಮೊದಲೇ ತಿಳಿಸಿ. ರೇಡಿಯೋ ಶುಲ್ಕ ತಿಂಗಳಿಗೆ 18.36 ಯೂರೋ, ಮನೆಗೊಂದು. ನಿಮ್ಮ ಹೆಸರಿನಲ್ಲಿದ್ದರೆ ಉಳಿಯುವ ರೂಮ್‌ಮೇಟ್ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಬಸ್ಸು, ಲೋಕಲ್ ರೈಲಿನ ತಿಂಗಳ ಪಾಸಾದ ಡಾಯ್ಚ್‌ಲಾಂಡ್ ಟಿಕೆಟ್ ಆ ತಿಂಗಳ ಕೊನೆಗೆ ನಿಲ್ಲಬೇಕಿದ್ದರೆ 10ನೇ ತಾರೀಕಿನೊಳಗೆ ರದ್ದು ಮಾಡಿ. ಜಿಮ್ಮಿನವರು ಮಾತ್ರ ಜಗ್ಗುವುದಿಲ್ಲ: ಊರು ಬಿಡುವುದು ಕರಾರು ಮುರಿಯಲು ಕಾರಣವಾಗದು ಎಂದು ಅಲ್ಲಿನ ಉನ್ನತ ನ್ಯಾಯಾಲಯ 2016ರಲ್ಲೇ ಹೇಳಿಯಾಗಿದೆ. ಕೊನೆಯ ವರ್ಷ ಎರಡು ವರ್ಷದ ಜಿಮ್ ಕರಾರಿಗೆ ಸಹಿ ಹಾಕದಿರುವುದೇ ಇದಕ್ಕೆ ಮದ್ದು.

ಬೀಳ್ಕೊಡುಗೆ ಊಟ ಹಾಕುವುದಿದ್ದರೆ ಅಡುಗೆಮನೆ ತೊಳೆಯುವ ಮೊದಲೇ ಹಾಕಿ. ಹೇಳಬೇಕಾದ ಮಾತೇ ಅಲ್ಲ, ಆದರೆ ತೊಳೆದ ಒಲೆಯ ಮೇಲೆ ಕೊನೆಯ ರಾತ್ರಿ ಒಗ್ಗರಣೆ ಸಿಡಿಸುವವರೇ ಹೆಚ್ಚು. ಅಲ್ಲಿನವರನ್ನು ಮೂರು ವಾರ ಮೊದಲು ಕರೆಯಬೇಕು, ನಾಳೆ ಬನ್ನಿ ಎಂದರೆ ಬರಲಾರರು. ನೀರುದೋಸೆ ಎಲ್ಲರಿಗೂ ಹಿಡಿಸುತ್ತದೆ. ಕಬ್ಬಿಣದ ಕಾವಲಿಯನ್ನು ಮಾತ್ರ ಗಾಜಿನ ಒಲೆಯ ಮೇಲೆ ಎಳೆಯಬೇಡಿ, ಬೀಳುವ ಗೀರಿಗೆ ಠೇವಣಿಯಲ್ಲಿ ಮುರಿಯುತ್ತಾರೆ. ಪ್ರೊಫೆಸರರಿಂದ ಶಿಫಾರಸು ಪತ್ರ ಬೇಕಿದ್ದರೆ ಅದನ್ನೂ ಈ ಹೊತ್ತಿಗೇ ಕೇಳಿಬಿಡಿ. ಊರಿಗೆ ಬಂದು ಆರು ತಿಂಗಳ ಮೇಲೆ ಕೇಳುವಾಗ ಅವರಿಗೆ ಮುಖ ಮರೆತಿರುತ್ತದೆ.

ಈಗ ತೊಳೆಯುವುದು. ಒಲೆಯ ಮೇಲಿನ ಚಿಮಣಿಯ ಜಾಲರಿ ಎರಡು ವರ್ಷದ ಒಗ್ಗರಣೆ ಕುಡಿದು ಜೇನಿನಂತೆ ಅಂಟಂಟಾಗಿ ಹಳದಿ ತಿರುಗಿರುತ್ತದೆ. ಅದನ್ನು ತೆಗೆದು ಬಿಸಿನೀರು, ಪಾತ್ರೆ ತೊಳೆಯುವ ದ್ರಾವಣದಲ್ಲಿ ಅರ್ಧ ಗಂಟೆ ಮುಳುಗಿಸಿ ಮೆದು ಬ್ರಷ್ಷಿನಲ್ಲಿ ಉಜ್ಜಿ. ವಾಷಿಂಗ್ ಸೋಡಾ ಹಾಕಿದರೆ ಜಿಡ್ಡು ಬೇಗ ಹೋಗುತ್ತದೆ ನಿಜ, ಆದರೆ ಜಾಲರಿ ಅಲ್ಯುಮಿನಿಯಮ್ಮಿನದ್ದಾದರೆ ಕಪ್ಪಾಗಿಬಿಡುತ್ತದೆ. ನಲ್ಲಿ, ಶವರ್‌ಗೆ ಹಿಡಿದ ಸುಣ್ಣದ ಬಿಳಿಗೆ ಸಿಟ್ರಿಕ್ ಆಸಿಡ್: ಅರ್ಧ ಲೀಟರ್ ತಣ್ಣೀರಿಗೆ ಎರಡು ದೊಡ್ಡ ಚಮಚ, 20 ನಿಮಿಷ ಬಿಟ್ಟು ತೊಳೆಯಿರಿ. ಬಿಸಿನೀರು ಬೇಡ, ಬಿಸಿಗೆ ಸುಣ್ಣ ಕರಗದ ಇನ್ನೊಂದು ಉಪ್ಪಾಗಿ ಅಲ್ಲೇ ಕೂರುತ್ತದೆ. ಬ್ಲೀಚಿನ ಜೊತೆ ಬೆರೆಸುವುದಂತೂ ಬೇಡವೇ ಬೇಡ, ವಿಷದ ಗಾಳಿ ಏಳುತ್ತದೆ. ಮನೆಯೊಡೆಯರದ್ದೇ ಪ್ಲಾಸ್ಟಿಕ್ ಮಣೆ, ಡಬ್ಬಿಗೆ ಅರಸಿನದ ಕಲೆ ಆಗಿದ್ದರೆ ತೊಳೆದು ಕಿಟಕಿಯ ಬಿಸಿಲಿಗಿಡಿ; ಅರಸಿನದ ಬಣ್ಣ ಬೆಳಕಿಗೆ ತಾನೇ ಹೋಗುತ್ತದೆ.

ಕೀಲಿ ಕೊಡುವ ದಿನ ಯೂಬರ್‌ಗಾಬೆಪ್ರೊಟೊಕೋಲ್ ಎಂಬ, ರೂಮು ಒಪ್ಪಿಸಿದ ವಿವರದ ಪಟ್ಟಿಗೆ ನಿಮ್ಮದೂ ಮನೆಯೊಡೆಯರದ್ದೂ ಸಹಿ ಬೀಳಬೇಕು. ಅದರಲ್ಲಿ ಮೀಟರ್ ನಂಬರ್, ರೀಡಿಂಗ್, ಕೀಲಿಗಳ ಸಂಖ್ಯೆ, ಠೇವಣಿ ಬರಬೇಕಾದ ಖಾತೆ ಬರೆಸಿ. ಗೋಡೆ, ಒಲೆ, ಬಾತ್‌ರೂಮಿನ ಫೋಟೋ ಹಗಲು ಬೆಳಕಿನಲ್ಲಿ ತೆಗೆಯಿರಿ. ಅರ್ಥವಾಗದ ಜರ್ಮನ್ ಸಾಲಿಗೆ ಸಹಿ ಬೇಡ.

ಯುನಿವರ್ಸಿಟಿಯಿಂದ ಸರ್ಟಿಫಿಕೇಟ್, ಮಾರ್ಕ್ಸ್ ಪಟ್ಟಿಯ ಇಂಗ್ಲಿಷ್ ಪ್ರತಿ ಎಲ್ಲರೂ ತರುತ್ತಾರೆ. ಮೊಡ್ಯೂಲ್‌ಹಾಂಡ್‌ಬುಕ್ ಎನ್ನುವ ಪಠ್ಯವಿವರ ಬಿಟ್ಟುಬರುತ್ತಾರೆ. ಇಲ್ಲಿ ಪದವಿಗೆ ಸಮಾನತೆ ಪಡೆಯುವಾಗ ಏನೇನು ಕಲಿತಿರಿ ಎಂದು ತೋರಿಸಲು ಅದು ಬೇಕಾಗಬಹುದು. ಯುನಿವರ್ಸಿಟಿಯ ಇಮೇಲ್ ನಿಲ್ಲುವ ಮೊದಲೇ ಎಲ್ಲವನ್ನೂ ಇಳಿಸಿಟ್ಟುಕೊಳ್ಳಿ.

ಸಾಮಾನಿನ ವಿಷಯದಲ್ಲಿ ಮೋಸಹೋಗುವುದು ಬೆಂಗಳೂರಿನಲ್ಲಿ. ಫ್ರಾಂಕ್‌ಫರ್ಟಿನಿಂದ 23 ಕಿಲೋದ ಎರಡು ಪೆಟ್ಟಿಗೆ ತಂದವರು ಮಂಗಳೂರಿಗೆ ಬೇರೆ ಟಿಕೆಟ್ ತೆಗೆದರೆ ಅಲ್ಲಿ ಸಿಗುವುದು ಸಾಮಾನ್ಯವಾಗಿ 15 ಕಿಲೋ. ಉಳಿದ 31 ಕಿಲೋಗೆ ದಂಡ. ಮಂಗಳೂರಿನವರೆಗೆ ಒಂದೇ ಟಿಕೆಟ್ ತೆಗೆಯಿರಿ, ಇಲ್ಲವೇ ಮಂಗಳೂರು ದಾರಿಯಾಗಿ ಹೋಗುವ ರಾತ್ರಿಯ ಕಣ್ಣೂರು ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಕಾಸರಗೋಡು ಸ್ಟೇಷನ್ನಿನಲ್ಲೇ ಇಳಿಯಬಹುದು. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ದಪ್ಪ ಚಳಿಕೋಟು ಅಲ್ಲೇ ಯಾರಿಗಾದರೂ ಕೊಟ್ಟುಬನ್ನಿ, ನಮ್ಮ ಮಳೆಗಾಲದಲ್ಲಿ ಕಪಾಟಿನೊಳಗೇ ಬೂಷ್ಟು ಹಿಡಿಯುತ್ತದೆ. ಮಿಕ್ಸಿ, ಕೆಟಲ್ ತರಬಹುದು, ಎರಡೂ ಕಡೆ 230 ವೋಲ್ಟ್. ಆದರೆ ಅಲ್ಲಿನ ದಪ್ಪ ಪ್ಲಗ್ಗು ನಮ್ಮ ಸಾಕೆಟಿನಲ್ಲಿ ಕೂತರೂ ಅರ್ತ್ ತಾಗುವುದಿಲ್ಲ. ಲೋಹದ ಮೈಯ ಕೆಟಲ್ ಆದರೆ ಎಲೆಕ್ಟ್ರಿಷಿಯನ್ ಹತ್ತಿರ ಮೂರು ಪಿನ್ನಿನ ಪ್ಲಗ್ ಹಾಕಿಸಿದ ಮೇಲೆಯೇ ಚಾ ನೀರು ಇಡಿ.