ಬೆಳಗ್ಗೆ ಏಳದ ಕಂಪ್ಯೂಟರ್ ಮತ್ತು ನೇರಳೆ ತಂತಿ

ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಕರಪತ್ರ, ಮದುವೆ ಕಾಗದ ಎಲ್ಲವೂ ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಡೆಸ್ಕ್‌ಟಾಪಿನಲ್ಲಿಯೇ ತಯಾರಾಗುತ್ತವೆ. ಯುನಿಕೋಡ್ ಬರುವ ಮೊದಲಿನ ಅಕ್ಷರಗಳಲ್ಲಿ ಕೂಡಿಸಿದ ಪೇಜ್‌ಮೇಕರ್ ಕಡತಗಳನ್ನು ಹೊಸ ಯಂತ್ರಕ್ಕೆ ಸಾಗಿಸಬೇಕೆಂದರೆ ಪ್ರತಿಯೊಂದನ್ನೂ ಮತ್ತೆ ಓದಿ ತಿದ್ದಬೇಕು. ಹಾಗಾಗಿ ಆ ಯಂತ್ರವನ್ನು ಉಳಿಸಿಕೊಳ್ಳುವುದು ನನಗೆ ಅನ್ನದ ಪ್ರಶ್ನೆ.

ಆಟಿಯ ಮಳೆ ಹಿಡಿದಾಗ ಅದು ಬೆಳಗ್ಗೆ ಹಟ ಹಿಡಿಯತೊಡಗಿತು. ಗುಂಡಿ ಒತ್ತಿದರೆ ಫ್ಯಾನ್ ಅರೆಸುತ್ತು ತಿರುಗಿ ನಿಲ್ಲುತ್ತಿತ್ತು. ಪ್ಲಗ್ ಹಾಕಿ ಅರ್ಧ ಗಂಟೆ ಸುಮ್ಮನೆ ಬಿಟ್ಟರೆ ಚಾಲೂ ಆಗುತ್ತಿತ್ತು. ಒಮ್ಮೆ ಚಾಲೂ ಆಯಿತೆಂದರೆ ಸಂಜೆಯವರೆಗೆ ತೊಂದರೆ ಇಲ್ಲ. ನೋಡಿದವರೆಲ್ಲ ಮದರ್‌ಬೋರ್ಡ್ ಹೋಗಿದೆ ಎಂದರು. ನಾನು ಒಪ್ಪಲಿಲ್ಲ. ತಣ್ಣಗಿದ್ದಾಗ ಏಳದೆ, ಬಿಸಿಯಾದ ಮೇಲೆ ಸರಿಯಾಗುವ ಯಂತ್ರದಲ್ಲಿ ಮೊದಲು ಶಂಕಿಸಬೇಕಾದದ್ದು ಪವರ್ ಸಪ್ಲೈಯ, ಅಂದರೆ ಗೋಡೆಯ ವಿದ್ಯುತ್ತನ್ನು ಕಡಿಮೆ ವೋಲ್ಟಿನ ಡಿಸಿಗೆ ಇಳಿಸಿ ಬೋರ್ಡಿಗೆ ಕೊಡುವ ಪೆಟ್ಟಿಗೆಯ, ಕೆಪಾಸಿಟರುಗಳನ್ನು; ವಿದ್ಯುತ್ತನ್ನು ಹಿಡಿದಿಟ್ಟು ಬಿಡುವ ಪುಟ್ಟ ಡಬ್ಬಿಗಳವು.

ಪವರ್ ಕೇಬಲ್ ಬದಲಿಸಿ ನೋಡಿದೆ. ಮುಂಭಾಗದ ಗುಂಡಿಯ ತಂತಿ ಕಿತ್ತು, ಬೋರ್ಡಿನ ಆ ಎರಡು ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿಸಿದೆ. ಬದಲಾವಣೆ ಇರಲಿಲ್ಲ.

ಸಪ್ಲೈಯಿಂದ ಬೋರ್ಡಿಗೆ ಹೋಗುವ ತಂತಿಗಳ ಕನೆಕ್ಟರನ್ನು ಕಿತ್ತು, ಅದರ ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿದಾಗ ಫ್ಯಾನ್ ತಿರುಗಿದರೆ ಸಪ್ಲೈ ಸರಿಯಿದೆ ಎಂದು ಬಹಳ ಮಂದಿ ತೀರ್ಮಾನಿಸುತ್ತಾರೆ. ಅದು ಸಾಲದು. ಹೊರೆ ಇಲ್ಲದಾಗ ಸೋತ ಸಪ್ಲೈಯೂ ಚೆನ್ನಾಗಿಯೇ ಕಾಣುತ್ತದೆ. ನಾನು ಇಪ್ಪತ್ತನಾಲ್ಕು ಪಿನ್ನಿನ ಆ ಕನೆಕ್ಟರನ್ನು ಬೋರ್ಡಿನಲ್ಲಿಯೇ ಬಿಟ್ಟು, ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ ತೂರಿಸಿ ಅಳೆಯುತ್ತೇನೆ. ಮೊದಲು ನೋಡುವುದು ನೇರಳೆ ತಂತಿಯನ್ನು. ಕಂಪ್ಯೂಟರ್ ಆಫ್ ಇದ್ದರೂ ಪ್ಲಗ್ ಇರುವಷ್ಟು ಹೊತ್ತು ಅದರಲ್ಲಿ 5 ವೋಲ್ಟ್ ಇರಬೇಕು; ಗುಂಡಿ ಒತ್ತಿದ್ದನ್ನು ಬೋರ್ಡ್ ಗ್ರಹಿಸುವುದೇ ಆ ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದ. ಶೇಕಡಾ 5 ಹೆಚ್ಚುಕಡಿಮೆ ಸಲ್ಲುತ್ತದೆ, ಅಂದರೆ 4.75ರಿಂದ 5.25. ಬೆಳಗ್ಗೆ ನನ್ನ ಮೀಟರು ತೋರಿಸಿದ್ದು 4.4. ಕಣ್ಣೆದುರೇ ಅದು ನಿಧಾನವಾಗಿ ಮೇಲೇರಿತು. 4.8ರ ಹತ್ತಿರ ಬಂದಾಗ ಗುಂಡಿ ಒತ್ತಿದೆ, ಯಂತ್ರ ಎದ್ದಿತು. ಹಳದಿ, ಕೆಂಪು, ಕಿತ್ತಳೆ ತಂತಿಗಳಲ್ಲಿ 12, 5, 3.3 ವೋಲ್ಟ್ ಸರಿಯಾಗಿಯೇ ಇದ್ದವು.

ಒಳಗಿನ ದ್ರವ ಒಣಗಿದ ಕೆಪಾಸಿಟರಿನ ಆಂತರಿಕ ರೋಧ ಏರುತ್ತದೆ, ಬಿಸಿಯಾದಾಗ ಸ್ವಲ್ಪ ಇಳಿಯುತ್ತದೆ. ಅರ್ಧ ಗಂಟೆಯ ಕಾಯುವಿಕೆಯ ಗುಟ್ಟು ಅಷ್ಟೇ. ಆದರೆ ಹೀಗೆ ಕಾದು ಕಾದು ದಿನ ದೂಡಬಾರದು. ಕೆಲವು ಹಳೆಯ ಅಗ್ಗದ ಸಪ್ಲೈಗಳಲ್ಲಿ ಸ್ಟ್ಯಾಂಡ್‌ಬೈ ಭಾಗದ ಒಂದು ಸಣ್ಣ ಕೆಪಾಸಿಟರ್ ಒಣಗಿದರೆ ವೋಲ್ಟೇಜ್ ಇಳಿಯುವ ಬದಲು ಏರಿ ಮದರ್‌ಬೋರ್ಡನ್ನೇ ಸುಡುತ್ತದೆ.

ಬೆಸುಗೆಯ ಅಭ್ಯಾಸ ಇಲ್ಲದವರು ಸಪ್ಲೈಯ ಪೆಟ್ಟಿಗೆ ಬಿಚ್ಚದೆ ಬೇರೆ ಸಪ್ಲೈ ಹಾಕಿಸಲಿ. ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗಿಂತ ಹೆಚ್ಚು ಉಳಿದಿರಬಹುದು, ಅದು ಜೀವ ತೆಗೆಯುವಂಥದ್ದು. ನಾನು ರಾತ್ರಿಯಿಡೀ ಬಿಟ್ಟು, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈ ಹಾಕಿದೆ. ಸ್ಟ್ಯಾಂಡ್‌ಬೈ ಭಾಗದಲ್ಲಿ 1000 ಮೈಕ್ರೋಫ್ಯಾರಡಿನ ಕೆಪಾಸಿಟರೊಂದರ ತಲೆ ಉಬ್ಬಿತ್ತು. ಅದನ್ನೂ ಅದರ ನೆರೆಯ ಚಿಕ್ಕದನ್ನೂ ತೆಗೆದು, 105 ಡಿಗ್ರಿ ತಾಳುವ, ಕಡಿಮೆ ಆಂತರಿಕ ರೋಧದವನ್ನು ಹಾಕಿದೆ. ಸಾಮಾನ್ಯ 85 ಡಿಗ್ರಿಯವು ಇಲ್ಲಿ ಬಾಳುವುದಿಲ್ಲ. ಮರುದಿನ ಬೆಳಗ್ಗೆ ನೇರಳೆ ತಂತಿಯಲ್ಲಿ 5.05 ಇತ್ತು.

ಇನ್ನೊಂದು ಕೆಲಸವನ್ನೂ ಅದೇ ವಾರ ಮಾಡಿಸಿದೆ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಅರ್ತಿಂಗ್, ಅಂದರೆ ಸೋರಿದ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ತಂತಿ, ಇಲ್ಲದಿದ್ದರೆ ಸಪ್ಲೈಯ ಫಿಲ್ಟರ್ ಕೆಪಾಸಿಟರುಗಳು ಕ್ಯಾಬಿನೆಟ್ಟಿನ ಮೇಲೆ 230ರ ಅರ್ಧದಷ್ಟು ವೋಲ್ಟೇಜನ್ನು ನಿಲ್ಲಿಸುತ್ತವೆ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಎಳೆದುಕೊಳ್ಳುವುದಿಲ್ಲ. ಎಲೆಕ್ಟ್ರೀಷಿಯನ್ನರನ್ನು ಕರೆಸಿ ಅರ್ತಿಂಗಿನ ಗುಂಡಿ ಆಳ ಮಾಡಿಸಿ ಹೊಸ ಕೊಳವೆ ಇಳಿಸಿದೆವು. ಮಾರ್ಚ್ ತಿಂಗಳಿಂದ ಮಳೆ ಬರುವವರೆಗೆ ಆ ಗುಂಡಿಗೆ ಆಗಾಗ ನೀರು ಸುರಿಯುತ್ತೇನೆ.