ಬ್ರೇಕ್ ಆಯಿಲ್ ಬಿಸಿಲಿಗೆ ಆರುವುದಿಲ್ಲ: ಹಳೇ ಗಾಡಿಯ ಸೋರಿಕೆ ಹುಡುಕಿ ಸರಿಪಡಿಸುವ ಬಗೆ

ಬೇಸಿಗೆ ಬಂತೆಂದರೆ ಕಲಬುರಗಿಯ ನಮ್ಮ ಗ್ಯಾರೇಜಿನಲ್ಲಿ ಒಂದು ಮಾತು ಪದೇ ಪದೇ ಕೇಳುತ್ತದೆ: "ಬಿಸಿಲಿಗಿ ಬ್ರೇಕ್ ಎಣ್ಣಿ ಆರ್ಲಕತ್ತದ, ಒಂದೀಟು ಹಾಕಿ ಕೊಡ್ರಿ." ಏಪ್ರಿಲ್‌ನಲ್ಲೇ 40 ಡಿಗ್ರಿ ದಾಟುವ ಊರು, ಮಾತು ನಂಬುವ ಹಾಗೇ ಇರುತ್ತದೆ. ಆದರೆ ಡಾಟ್ 3 ದರ್ಜೆಯ ಹೊಸ ಬ್ರೇಕ್ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ಡಾಟ್ 4ಕ್ಕೆ 230. ಗಾಡಿಯಲ್ಲಿ ಆಯಿಲ್ ತುಂಬಿರುವ, ಮುಚ್ಚಳ ಹಾಕಿದ ಬಾಟಲಿಯಿಂದ ಅದು ಆರಿ ಹೋಗುವುದಿಲ್ಲ. ಮಟ್ಟ ಇಳಿದಿದೆ ಎಂದರೆ ಕಾರಣ ಎರಡೇ. ಒಂದು, ಬ್ರೇಕ್ ಪ್ಯಾಡ್ ಸವೆದು ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಮುಂದೆ ಬಂದಿರುತ್ತದೆ. ಇದು ತಿಂಗಳುಗಟ್ಟಲೆ ನಿಧಾನವಾಗಿ ಆಗುವಂಥದ್ದು. ಇನ್ನೊಂದು, ಎಲ್ಲೋ ಸೋರುತ್ತಿದೆ. ವಾರಕ್ಕೊಮ್ಮೆ ಆಯಿಲ್ ಹಾಕುವ ಪ್ರಸಂಗ ಬಂದಿದ್ದರೆ ಅದು ಸೋರಿಕೆಯೇ. ಸೋರುವ ಜಾಗ ಸಿಗುವವರೆಗೆ ಆ ಗಾಡಿಯನ್ನು ರಸ್ತೆಗೆ ಇಳಿಸಬೇಡ್ರಿ.

ಮೊದಲು ಪೆಡಲ್ ಮೇಲೆ ಕಾಲಿಟ್ಟು ನೋಡ್ರಿ. ಒತ್ತಿದರೆ ಮೆತ್ತಗೆ ಹತ್ತಿಯ ಗಾದಿಯಂತೆ ಒಳಗೆ ಹೋಗಿ, ಎರಡು-ಮೂರು ಸಲ ಪಂಪ್ ಮಾಡಿದ ಮೇಲೆ ಗಟ್ಟಿಯಾದರೆ ಲೈನಿನಲ್ಲಿ ಗಾಳಿ ಸೇರಿರುತ್ತದೆ. ಹಿಂದಿನ ಚಕ್ರದ ಡ್ರಮ್ಮಿನೊಳಗಿನ ಬ್ರೇಕ್ ಶೂ ಬಹಳ ಸಡಿಲಾಗಿದ್ದರೂ ಪಂಪ್ ಮಾಡಿದ ಮೇಲೆ ಪೆಡಲ್ ಮೇಲೆ ಬರುತ್ತದೆ, ಅದನ್ನೂ ನೆನಪಿಡ್ರಿ. ಎಂಜಿನ್ ಚಾಲೂ ಇಟ್ಟು ಪೆಡಲನ್ನು ಒಂದೇ ಸಮ ಒತ್ತಿ ಹಿಡಿದಾಗ ಅದು ನಿಧಾನವಾಗಿ ನೆಲದ ಕಡೆಗೆ ಇಳಿಯುತ್ತಾ ಹೋದರೆ ಒಂದೋ ಹೊರಗೆ ಸೋರುತ್ತಿದೆ, ಇಲ್ಲವೇ ಪೆಡಲಿನ ಒತ್ತಡವನ್ನು ಆಯಿಲಿಗೆ ಕೊಡುವ ಮಾಸ್ಟರ್ ಸಿಲಿಂಡರಿನ ಒಳಗಿನ ಕಪ್, ಅಂದರೆ ಆಯಿಲ್ ತಡೆಯುವ ರಬ್ಬರ್ ಸೀಲ್, ಸತ್ತಿದೆ. ಕಪ್ ಸತ್ತಿದ್ದರೆ ನೆಲಕ್ಕೆ ಹನಿ ಬೀಳದೆಯೂ ಬ್ರೇಕ್ ಹೋಗಬಹುದು. ಬಾಟಲಿಯ ನಡುವೆ ಗೋಡೆ ಇರುವ ಗಾಡಿಗಳಲ್ಲಿ ಯಾವ ಕೋಣೆಯ ಮಟ್ಟ ಇಳಿದಿದೆ ನೋಡ್ರಿ. ಯಾವ ಲೈನಿನಲ್ಲಿ ಹುಡುಕಬೇಕು ಎಂಬುದು ಅಲ್ಲೇ ಅರ್ಧ ತಿಳಿಯುತ್ತದೆ.

ಆಮೇಲೆ ರಾತ್ರಿ ಗಾಡಿ ನಿಲ್ಲಿಸುವಾಗ ನಾಲ್ಕೂ ಚಕ್ರದ ಹತ್ತಿರ ಮತ್ತು ಎಂಜಿನ್ ಕೆಳಗೆ ರಟ್ಟು ಹಾಸ್ರಿ. ಬೆಳಿಗ್ಗೆ ಬಿದ್ದ ಹನಿ ಯಾವುದರದು ಎಂದು ಅನುಮಾನ ಬಂದರೆ ಒಂದು ಲೋಟ ನೀರಿಗೆ ಒಂದೆರಡು ಹನಿ ಬಿಡ್ರಿ. ಎಂಜಿನ್ ಆಯಿಲ್, ಗೇರ್ ಆಯಿಲ್ ಮೇಲೆ ತೇಲುತ್ತವೆ. ಬ್ರೇಕ್ ಆಯಿಲ್ ನೀರಿನಲ್ಲಿ ಬೆರೆತು ಹೋಗುತ್ತದೆ. ಹಿಂದಿನ ಚಕ್ರದಲ್ಲಿ ಈ ಪರೀಕ್ಷೆ ತಪ್ಪದೇ ಮಾಡಬೇಕು. ಯಾಕೆಂದರೆ ಜೀಪಿನಂಥ ಗಾಡಿಗಳಲ್ಲಿ ಆಕ್ಸಲ್ ಸೀಲ್ ಹೋದರೂ ಡ್ರಮ್ಮಿನೊಳಗೆ ಆಯಿಲ್ ಬರುತ್ತದೆ. ಅದು ದಪ್ಪ, ಗಂಧಕದ ಘಾಟು ವಾಸನೆ. ಸೀಲ್ ಹೋದದ್ದಕ್ಕೆ ಶೂ ತಳ್ಳುವ ವೀಲ್ ಸಿಲಿಂಡರ್ ಬದಲಿಸಿದರೆ ದುಡ್ಡೂ ಹೋಯಿತು, ರೋಗವೂ ಉಳಿಯಿತು.

ರಟ್ಟಿನಲ್ಲಿ ಏನೂ ಸಿಗದಿದ್ದರೆ ಒಬ್ಬರನ್ನು ಪೆಡಲ್ ಒತ್ತಲು ಕೂಡಿಸಿ, ಟಾರ್ಚ್ ಹಿಡಿದು ಲೈನಿನ ಉದ್ದಕ್ಕೂ ನೋಡ್ರಿ. ಮುಂದಿನ ರಬ್ಬರ್ ಹೋಸನ್ನು ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬಗ್ಗಿಸಿ ನೋಡಬೇಕು, ಬಿರುಕು ಆಗಲೇ ಕಾಣುವುದು. ಕಬ್ಬಿಣದ ಪೈಪು ತುಕ್ಕು ಹಿಡಿಯುವುದು ಹೆಚ್ಚಾಗಿ ಕ್ಲಿಪ್ ಕೆಳಗೆ. ನಮ್ಮ ಎರಿ ಮಣ್ಣು ಅಲ್ಲಿ ಮೆತ್ತಿಕೊಂಡರೆ ಮಳೆಗಾಲ ಮುಗಿದರೂ ತೇವ ಬಿಡುವುದಿಲ್ಲ. ಮಣ್ಣನ್ನು ಕೆರೆದು ತೆಗೆದೇ ನೋಡ್ರಿ.

ಹಳೇ ಮಾರುತಿ 800 ಇರಲಿ, ಓಮ್ನಿ ಇರಲಿ, ನಾನು ಮೊದಲು ಅನುಮಾನ ಪಡುವುದು ಹಿಂದಿನ ವೀಲ್ ಸಿಲಿಂಡರ್ ಮೇಲೆ. ಚಕ್ರದ ಒಳಮಗ್ಗುಲು, ಡ್ರಮ್ಮಿನ ಹಿಂದಿನ ತಗಡು, ಟೈರಿನ ಒಳಗೋಡೆ ಒದ್ದೆಯಾಗಿ ಧೂಳು ಕಪ್ಪಗೆ ಮೆತ್ತಿದ್ದರೆ ಡ್ರಮ್ ಬಿಚ್ಚಲೇಬೇಕು.

ಚಕ್ರದ ನಟ್ಟುಗಳನ್ನು ನೆಲದ ಮೇಲಿದ್ದಾಗಲೇ ಸಡಿಲು ಮಾಡ್ರಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಇಟ್ಟು, ಜಾಕ್ ಏರಿಸಿ, ಸ್ಟ್ಯಾಂಡ್ ಕೊಡ್ರಿ. ನಮ್ಮಲ್ಲಿ ಮನೆ ಮುಂದೆ ಬಿದ್ದಿರುವ ಶಹಾಬಾದ್ ಪರ್ಸಿ ಒಂದರ ಮೇಲೊಂದು ಇಟ್ಟು ಗಾಡಿ ನಿಲ್ಲಿಸುವವರಿದ್ದಾರೆ. ದಯವಿಟ್ಟು ಬೇಡ. ಆ ಕಲ್ಲು ಭಾರ ಒಂದೇ ಕಡೆ ಬಿದ್ದರೆ ಪಟ್ಟನೆ ಒಡೆಯುತ್ತದೆ, ಕೆಳಗೆ ನಿಮ್ಮ ಕೈ ಇರುತ್ತದೆ.

ಹ್ಯಾಂಡ್ ಬ್ರೇಕ್ ಬಿಟ್ಟು ಡ್ರಮ್ ಎಳೀರಿ. ಬರದಿದ್ದರೆ ಸುತ್ತಿಗೆಯಿಂದ ಅಂಚಿಗೆ ಬಡಿಯಬೇಡ್ರಿ, ಅಂಚು ಒಡೆಯುತ್ತದೆ. ಮಾರುತಿ ಡ್ರಮ್ಮಿನ ಮುಖದಲ್ಲಿ ಥ್ರೆಡ್ ಇರುವ ಎರಡು ತೂತುಗಳಿವೆ. ಅವಕ್ಕೆ 8 ಎಂಎಂ ಬೋಲ್ಟ್ ಹಾಕಿ, ಈ ಕಡೆ ಅರ್ಧ ಸುತ್ತು ಆ ಕಡೆ ಅರ್ಧ ಸುತ್ತು ಬಿಗಿದರೆ ಡ್ರಮ್ ತಾನೇ ಹೊರಗೆ ಬರುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡ್ರಿ. ಶೂ ಮೇಲಿನ ಹಳೇ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಪುಪ್ಪುಸಕ್ಕೆ ಹೋದರೆ ಹೊರಗೆ ಬರುವುದಿಲ್ಲ. ಮೂಗಿಗೆ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸ್ರಿ. ಸ್ಪ್ರಿಂಗ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೀರಿ, ಒಂದು ಕಡೆ ಪೂರ್ತಿ ಮುಗಿಯುವ ತನಕ ಇನ್ನೊಂದು ಕಡೆ ಬಿಚ್ಚಬೇಡ್ರಿ. ಅನುಮಾನ ಬಂದಾಗ ಅದೇ ನಕ್ಷೆ.

ವೀಲ್ ಸಿಲಿಂಡರಿನ ಎರಡೂ ತುದಿಯ ರಬ್ಬರ್ ಟೋಪಿಯನ್ನು ಉಗುರಿನಿಂದ ಸ್ವಲ್ಪ ಎತ್ತಿ ನೋಡ್ರಿ. ಒಣಗಿದ್ದರೆ ಸರಿ. ಆಯಿಲ್ ಹನಿದು ಬಂದರೆ ಒಳಗಿನ ಕಪ್ ಕೆಲಸ ಬಿಟ್ಟಿದೆ. ಕಿಟ್ ಅಗ್ಗ ಎಂದು ಬರೀ ಕಪ್ ಬದಲಿಸುವ ರೂಢಿ ಇದೆ. ಸಿಲಿಂಡರಿನ ಒಳಗೋಡೆ ಕನ್ನಡಿಯ ಹಾಗೆ ನುಣುಪಾಗಿದ್ದರೆ ಮಾತ್ರ ಅದು ಸರಿ. ಬೆರಳಿಗೆ ಚುಕ್ಕೆ, ಗೀರು, ತುಕ್ಕು ತಾಗಿದರೆ ಹೊಸ ಕಪ್ಪನ್ನೂ ಅದು ಕೆರೆದು ಹಾಕುತ್ತದೆ, ಸೋರಿಕೆ ಮತ್ತೆ ಶುರು. ಅಂಥಲ್ಲಿ ಇಡೀ ಸಿಲಿಂಡರ್ ಹೊಸದು ಹಾಕ್ರಿ, ಎಡ-ಬಲ ಎರಡೂ. ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು, ಸ್ಯಾಂಡ್ ಪೇಪರ್ ತಿಕ್ಕಿ ಮತ್ತೆ ಕೂಡಿಸುವುದನ್ನು ನಾನು ಒಪ್ಪುವುದಿಲ್ಲ. ಬಿಸಿಯಾದಾಗ ಆ ಆಯಿಲ್ ಮೇಲೆ ಬರುತ್ತದೆ, ಗಾಡಿ ಒಂದು ಕಡೆ ಎಳೆಯುತ್ತದೆ. ಶೂ ಎರಡೂ ಚಕ್ರಕ್ಕೂ ಹೊಸದೇ ಆಗಬೇಕು.

ಪೈಪಿನ ನಟ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡ್ರಿ. ಸಾದಾ ಪಾನಾ ಹಾಕಿದರೆ ಮೂಲೆ ಸವೆದು ನಟ್ಟು ಗುಂಡಾಗುತ್ತದೆ. ಬ್ರೇಕ್ ಪೈಪಿಗೆಂದೇ ಬರುವ, ಐದು ಮೂಲೆ ಹಿಡಿಯುವ ಫ್ಲೇರ್ ಪಾನಾ ಬಳಸ್ರಿ. ಹೋಸಿನ ಜಾಯಿಂಟಿನ ತಾಮ್ರದ ವಾಷರ್ ಬಿಚ್ಚಿದಾಗಲೆಲ್ಲ ಹೊಸದು. ಎಂ-ಸೀಲ್, ಟೆಫ್ಲಾನ್ ಟೇಪ್, ರಬ್ಬರ್ ಟ್ಯೂಬ್ ಹಾಕಿ ಕ್ಲಿಪ್ ಬಿಗಿಯುವುದು ಯಾವುದೂ ಇಲ್ಲಿ ನಡೆಯುವುದಿಲ್ಲ. ಕಾರಿನ ಟೈರಿನಲ್ಲಿ ಇರುವುದು ಸುಮಾರು 2 ಬಾರ್ ಗಾಳಿ. ಜೋರಾಗಿ ಬ್ರೇಕ್ ಒತ್ತಿದಾಗ ಈ ಪೈಪಿನೊಳಗೆ 70 ಬಾರ್ ದಾಟಬಹುದು. ಇನ್ನು ಸೋರುವ ಚಕ್ರದ ಲೈನನ್ನೇ ಬಡಿದು ಬಂದ್ ಮಾಡಿ, ಉಳಿದ ಚಕ್ರದ ಬ್ರೇಕಿನ ಮೇಲೆ ಮಂದಿ ತುಂಬಿಕೊಂಡು ಓಡಿಸುವ ಜೀಪುಗಳನ್ನು ನಾನು ಕಂಡಿದ್ದೇನೆ. ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟ ಗಾಡಿಯಲ್ಲಿ ಹೆಂಗಸರು ಮಕ್ಕಳು ಇರುತ್ತಾರೆ. ಹೀಗೆ ಮಾಡಿಕೊಡಿ ಎಂದು ಯಾರು ಕೇಳಿದರೂ ನಾನು ಮಾಡಿಕೊಡುವುದಿಲ್ಲ.

ಎಲ್ಲ ಕಡೆ ಒಣಗಿದೆ, ಆದರೂ ಆಯಿಲ್ ಇಳಿಯುತ್ತಿದೆ ಎಂದರೆ ಮಾಸ್ಟರ್ ಸಿಲಿಂಡರಿನ ಹಿಂದಿರುವ, ಪೆಡಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ನೋಡ್ರಿ. ಅಫಜಲಪುರ ಕಡೆಯ ಕಾಕಾ ಒಬ್ಬರು ಇಂಥದೇ ಜೀಪು ತಂದಿದ್ದರು. ಕೆಳಗೆ ಒಂದು ಹನಿ ಇರಲಿಲ್ಲ. "ಕಾಕಾ, ಎಣ್ಣಿ ಎಲ್ಲಿ ಹೋಗ್ತದ?" ಎಂದರೆ, "ಅದೇ ತಿಳೀವಲ್ದು ತಮ್ಮಾ" ಎಂದರು. ಮಾಸ್ಟರ್ ಸಿಲಿಂಡರಿನ ಎರಡು ನಟ್ಟು ಬಿಚ್ಚಿ ಮುಂದಕ್ಕೆ ಎಳೆದೆವು. ಅದರ ಬೆನ್ನ ಮೇಲಿನ ಬಣ್ಣ ಪೂರ್ತಿ ಎದ್ದು ಹೋಗಿತ್ತು, ಬೂಸ್ಟರಿನ ಹೊಟ್ಟೆಯಲ್ಲಿ ಆಯಿಲ್ ನಿಂತಿತ್ತು. ಹಿಂದಿನ ಸೀಲ್ ಹೋಗಿ ಅಷ್ಟೂ ಒಳಗೇ ಸೇರುತ್ತಿತ್ತು. ಪೆಟ್ರೋಲ್ ಗಾಡಿಯಾದರೆ ಅದನ್ನು ಎಂಜಿನ್ ಎಳೆದುಕೊಂಡು ಬಿಳಿ ಹೊಗೆ ಬಿಡಬಹುದು. ಇಂಥಲ್ಲಿ ಮಾಸ್ಟರ್ ಸಿಲಿಂಡರ್ ಬದಲಿಸಿ, ಬೂಸ್ಟರಿನ ರಬ್ಬರ್ ಕೆಟ್ಟಿದೆಯೋ ಎಂದೂ ಪರೀಕ್ಷಿಸಬೇಕು.

ಜೋಡಿಸಿದ ಮೇಲೆ ಏರ್ ತೆಗೆಯುವ ಕೆಲಸ. ಸೀಲ್ ಒಡೆಯದ ಹೊಸ ಆಯಿಲ್ ತರ್ರಿ. ಡಿಕ್ಕಿಯಲ್ಲಿ ಬಿದ್ದ ಅರ್ಧ ಡಬ್ಬಿ ಬೇಡ, ಅದು ಗಾಳಿಯ ತೇವ ಹೀರಿರುತ್ತದೆ. ನೀರು ಸೇರಿದ ಡಾಟ್ 3 ಆಯಿಲ್ 140 ಡಿಗ್ರಿಗೇ ಕುದಿಯಬಹುದು. ಬಾಟಲಿಯ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕ್ರಿ. ಎಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ಒಂದು ಚಮಚ ಬಿದ್ದರೂ ಎಲ್ಲ ರಬ್ಬರ್ ಉಬ್ಬಿ ಕೆಡುತ್ತದೆ. ಬ್ರೇಕ್ ಆಯಿಲ್ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೀರಿ.

ಬೇರೆ ಕ್ರಮವನ್ನು ಗಾಡಿಯ ಪುಸ್ತಕ ಹೇಳದಿದ್ದರೆ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ, ಅಂದರೆ ನಮ್ಮ ಗಾಡಿಗಳಲ್ಲಿ ಹಿಂದಿನ ಎಡದಿಂದ, ಶುರು ಮಾಡ್ರಿ. ಚಕ್ರದ ಒಳಮಗ್ಗುಲಿನ ಗಾಳಿ ಬಿಡುವ ನಿಪ್ಪಲಿಗೆ ಪಾರದರ್ಶಕ ಪೈಪು ಹಾಕಿ, ಅದರ ತುದಿ ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿರಲಿ. ಒಳಗೆ ಕೂತವರು ನಿಧಾನ ಒತ್ತಿ ಹಿಡಿಯಬೇಕು, ನೀವು ನಿಪ್ಪಲ್ ಬಿಚ್ಚಿ ಬಿಗಿದ ಮೇಲೆಯೇ ಕಾಲು ಎತ್ತಬೇಕು. ಗುಳ್ಳೆ ನಿಲ್ಲುವ ತನಕ ಹೀಗೇ. ನಡುನಡುವೆ ಮೇಲಿನ ಬಾಟಲಿ ಖಾಲಿಯಾಗದಂತೆ ಒಬ್ಬರು ನೋಡಿಕೊಳ್ಳಲಿ. ಹಳೇ ಗಾಡಿಯಲ್ಲಿ ಪೆಡಲ್ ಕೆಳಗೆ ಒಂದು ಕಟ್ಟಿಗೆ ತುಂಡು ಇಡುವುದನ್ನು ಮರೀಬೇಡ್ರಿ. ಮಾಸ್ಟರ್ ಸಿಲಿಂಡರಿನೊಳಗೆ ಪಿಸ್ಟನ್ ದಿನಾ ಓಡದ ಭಾಗದಲ್ಲಿ ತುಕ್ಕು ಕೂತಿರುತ್ತದೆ. ಪೆಡಲ್ ನೆಲಕ್ಕೆ ತಾಗುವಷ್ಟು ಒತ್ತಿದರೆ ಚೆನ್ನಾಗಿದ್ದ ಕಪ್ಪೂ ಅಲ್ಲಿ ಹರಿಯುತ್ತದೆ.

ಕೊನೆಗೆ ಶೂ ಅಡ್ಜಸ್ಟ್ ಮಾಡಿ, ಎಂಜಿನ್ ಚಾಲೂ ಇಟ್ಟು ಪೆಡಲನ್ನು ಬಲವಾಗಿ ಒಂದು ನಿಮಿಷ ಹಿಡಿದು, ಬಿಚ್ಚಿದ ಪ್ರತಿ ಜಾಯಿಂಟನ್ನೂ ಒಣ ಕಾಗದದಿಂದ ಒರೆಸಿ ನೋಡ್ರಿ. ಆಮೇಲೆ ಖಾಲಿ ಬಯಲಿನಲ್ಲಿ ನಿಧಾನ ಓಡಿಸಿ, ಗಾಡಿ ನೇರ ನಿಲ್ಲುತ್ತದೆಯೇ ನೋಡಿ. ಬಾಟಲಿಯ ಮಟ್ಟಕ್ಕೆ ಪೆನ್ನಿನಿಂದ ಗೆರೆ ಹಾಕಿ ವಾರದ ತನಕ ದಿನಾ ಬೆಳಿಗ್ಗೆ ನೋಡ್ರಿ. ಗೆರೆಗಿಂತ ಇಳಿದರೆ, ಇಲ್ಲವೇ ಪೆಡಲ್ ಇನ್ನೂ ಮೆತ್ತಗಿದ್ದರೆ, ಗಾಡಿಯನ್ನು ಓಡಿಸಿಕೊಂಡು ಬರದೆ ಮೆಕ್ಯಾನಿಕನನ್ನೇ ಮನೆಗೆ ಕರೆಸ್ರಿ.