ತೋಟ ನೋಡೋಣ ಬನ್ನಿ: ಲಾಲ್‌ಬಾಗಿನಿಂದ ಟೆರೇಸಿನವರೆಗೆ

ಗಿಡ ಬೆಳೆಸುವ ನಾಲ್ಕು ಜನರ ಜೊತೆ ಲಾಲ್‌ಬಾಗಿಗೆ ಹೋಗಿ ನೋಡಿ. ಒಂದೇ ಮರದ ಕೆಳಗೆ ಅರ್ಧ ಗಂಟೆ ಕಳೆದುಹೋಗುತ್ತದೆ. ಒಬ್ಬರು ಎಲೆ ತಿರುಗಿಸಿ ನೋಡುತ್ತಾರೆ. ಇನ್ನೊಬ್ಬರು "ನಮ್ಮನೇಲಿ ಇದು ಯಾಕೆ ಹೂ ಬಿಡ್ತಿಲ್ಲ?" ಅಂತ ಕೇಳುತ್ತಾರೆ. ಇಂಥ ತಿರುಗಾಟಕ್ಕೆ ದುಡ್ಡು ಜಾಸ್ತಿ ಬೇಡ, ಸ್ವಲ್ಪ ತಯಾರಿ ಬೇಕು.

ಎಷ್ಟು ಜನ, ಎಷ್ಟು ತೋಟ?

ಎಂಟು ಜನ ಸಾಕು. ಟೆರೇಸಿನಲ್ಲಿ ಕುಂಡಗಳ ನಡುವಿನ ದಾರಿ ಕಿರಿದು. ಜನ ಹೆಚ್ಚಾದರೆ ಹಿಂದಿದ್ದವರಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ದಿನಕ್ಕೆ ಮೂರೇ ತೋಟ ಇಟ್ಟುಕೊಳ್ಳಿ: ಬೆಳಿಗ್ಗೆ ಒಂದು ಸರ್ಕಾರಿ ತೋಟ, ಆಮೇಲೆ ಎರಡು ಮನೆ ತೋಟ. ಬೆಂಗಳೂರಿನಲ್ಲಿ ಲಾಲ್‌ಬಾಗ್, ಬಸವನಗುಡಿ, ಜಯನಗರ ಒಂದಕ್ಕೊಂದು ಹತ್ತಿರ. ಹಸಿರು ಮಾರ್ಗದ ಮೆಟ್ರೊದಲ್ಲಿ ಲಾಲ್‌ಬಾಗ್, ಸೌತ್ ಎಂಡ್, ಜಯನಗರ ನಿಲ್ದಾಣಗಳು ಸಾಲಾಗಿ ಬರುತ್ತವೆ.

ಯಾವಾಗ ಹೋಗಬೇಕು?

ಕಡ್ಡಿ ತಂದು ನೆಡುವ ಆಸೆ ಇದ್ದರೆ ಜೂನ್‌ನಿಂದ ಆಗಸ್ಟ್. ಮಳೆಗಾಲದಲ್ಲಿ ಕಡ್ಡಿ ಬೇಗ ಚಿಗುರುತ್ತದೆ. ಹೂ ನೋಡಬೇಕು ಅಂದರೆ ಜನವರಿಯಿಂದ ಮಾರ್ಚ್. ಗುಲಾಬಿ ಟಬೂಬಿಯಾ ಮುಗಿಯುತ್ತಾ ಬಂದಂತೆ ಜಕರಂಡಾ ಅರಳುತ್ತದೆ. ಏಪ್ರಿಲ್‌ಗೆ ಗುಲ್‌ಮೊಹರ್ ಸರದಿ. ಇದು ಸುಮ್ನೆ ಆದದ್ದಲ್ಲ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು, ಊರಿನಲ್ಲಿ ಯಾವ ತಿಂಗಳೂ ಹೂವಿಲ್ಲದೆ ಇರಬಾರದು ಅಂತ ಲೆಕ್ಕ ಹಾಕಿ ಮರಗಳನ್ನು ಆರಿಸಿದರು.

ಜನವರಿ 26 ಮತ್ತು ಆಗಸ್ಟ್ 15ರ ಹೊತ್ತಿನ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ಈ ತಿರುಗಾಟಕ್ಕೆ ಸೇರಿಸದೆ ಬೇರೆ ದಿನ ನೋಡಿ. ಆ ಜನಜಂಗುಳಿಯಲ್ಲಿ ನಿಂತು ಮಾತಾಡಲು ಆಗುವುದಿಲ್ಲ.

ಲಾಲ್‌ಬಾಗಿನಲ್ಲಿ

240 ಎಕರೆಯನ್ನು ಒಂದೇ ಬೆಳಿಗ್ಗೆ ಸುತ್ತಲು ಹೋಗಬೇಡಿ. ಐದು ಮರ ಆರಿಸಿಕೊಳ್ಳಿ, ಸಾಕು. ನಿಮ್ಮ ಮನೆಯ ಕುಂಡದಲ್ಲಿರುವ ಗಿಡವೇ ನೆಲದಲ್ಲಿ ಎಷ್ಟು ದೊಡ್ಡದಾಗಿ ಬೆಳೆಯುತ್ತದೆ ಅನ್ನುವುದನ್ನು ಇಲ್ಲಿ ನೋಡಬಹುದು. ಸಂಪಿಗೆಯನ್ನು ಕಾಂಪೌಂಡ್ ಗೋಡೆಗೆ ಒತ್ತಿ ನೆಟ್ಟವರು ಇಲ್ಲಿನ ಸಂಪಿಗೆ ಮರವನ್ನೊಮ್ಮೆ ನೋಡಬೇಕು.

ಸೀಮೆಬದನೆಯ ಕಥೆಯನ್ನೂ ಹೇಳಿಕೊಳ್ಳಿ. ಕ್ರುಂಬಿಗಲ್ ಅವರಿಗಿಂತ ಮೊದಲು ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರಾನ್ ಇದನ್ನು ಇಲ್ಲಿಗೆ ತಂದರು. ಆಂಧ್ರದ ಕಡೆ ಅದನ್ನು ಈಗಲೂ 'ಬೆಂಗಳೂರು ವಂಕಾಯ' ಅಂತ ಕರೆಯುತ್ತಾರೆ.

ಮನೆ ತೋಟದಲ್ಲಿ

ಒಂದು ವಾರ ಮೊದಲೇ ಫೋನ್ ಮಾಡಿ, ಹಿಂದಿನ ದಿನ ಮತ್ತೊಮ್ಮೆ ನೆನಪಿಸಿ. ಬರಿಗೈಲಿ ಹೋಗಬೇಡಿ. ನಿಮ್ಮ ಮನೆಯ ಅವರೆ ಅಥವಾ ಹೀರೆ ಬೀಜವನ್ನು ಪೇಪರ್ ಪೊಟ್ಟಣದಲ್ಲಿ ಕಟ್ಟಿ, ಮೇಲೆ ಹೆಸರು, ಒಣಗಿಸಿದ ತಿಂಗಳು ಬರೆದುಕೊಂಡು ಹೋಗಿ.

ಹೂವಿನ ಫೋಟೊ ಆಮೇಲೆ ತೆಗೆದರಾಯಿತು. ಮೊದಲು ಗೊಬ್ಬರದ ಮೂಲೆ ತೋರಿಸಿ ಅಂತ ಕೇಳಿ. ಎಷ್ಟು ಗಂಟೆ ಬಿಸಿಲು ಬೀಳುತ್ತದೆ, ಮಣ್ಣಿಗೆ ಏನೇನು ಬೆರೆಸಿದ್ದಾರೆ, ತಾರಸಿ ಸೋರದಂತೆ ಏನು ಮಾಡಿದ್ದಾರೆ ಕೇಳಿ. "ಯಾವ ಗಿಡ ಸತ್ತು ಹೋಯ್ತು?" ಅಂತಲೂ ಕೇಳಿ. ನಾನು ಅತಿ ಹೆಚ್ಚು ಕಲಿತದ್ದು ಈ ಪ್ರಶ್ನೆಯಿಂದಲೇ.

ಜಯನಗರದ ಒಂದು ಟೆರೇಸಿನಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರು ಅರ್ಧ ಡ್ರಮ್ಮಿನಲ್ಲಿ ಸೀಮೆಬದನೆ ಹಬ್ಬಿಸಿದ್ದರು. ಮೊಳಕೆ ಒಡೆದ ಕಾಯಿಯನ್ನು ಇಡಿಯಾಗಿ, ಸ್ವಲ್ಪ ಓರೆಯಾಗಿ ಮಣ್ಣಿಗೆ ಇಟ್ಟು, ಮೊಳಕೆ ಮಾತ್ರ ಹೊರಗಿರುವಂತೆ ಮುಚ್ಚಿ ತೋರಿಸಿದರು. ಒಳಗಿರುವುದು ಒಂದೇ ಬೀಜ, ಅದನ್ನು ಬಿಡಿಸಿ ತೆಗೆದರೆ ಉಳಿಯುವುದಿಲ್ಲವಂತೆ. ಆಮೇಲೆ ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ, "ತಂಪಿದೆ, ಇವತ್ತು ನೀರು ಬೇಡ" ಅಂದರು. ಅವತ್ತಿನಿಂದ ನಾನೂ ಬೆರಳಿಟ್ಟು ನೋಡದೆ ನೀರು ಹಾಕಿಲ್ಲ.

ಕಡ್ಡಿ ತರುವಾಗ

ಲಾಲ್‌ಬಾಗಿನಲ್ಲಿ ಏನನ್ನೂ ಕೀಳಬಾರದು. ಬೇಕಾದ ಗಿಡವನ್ನು ನರ್ಸರಿಯಲ್ಲಿ ಕೊಳ್ಳಿ. ಮನೆ ತೋಟದಲ್ಲಿ ಕೇಳಿ, ಅವರ ಕೈಯಿಂದಲೇ ಕತ್ತರಿಸಿಕೊಳ್ಳಿ. ದಾಸವಾಳಕ್ಕೆ ಪೆನ್ಸಿಲ್ ದಪ್ಪದ, ಆರು ಇಂಚಿನ ಕಡ್ಡಿ ಸರಿ. ಗೆಣ್ಣಿನ ಕೆಳಗೆ ಕತ್ತರಿಸಿ, ಒದ್ದೆ ಪೇಪರಿನಲ್ಲಿ ಸುತ್ತಿ, ಕವರಿಗೆ ಹಾಕಿ.

ಒಮ್ಮೆ ನಾನು ತಂದ ಕಡ್ಡಿಯನ್ನು ನೇರವಾಗಿ ಉಳಿದ ಕುಂಡಗಳ ಪಕ್ಕ ಇಟ್ಟುಬಿಟ್ಟೆ. ಗೆಣ್ಣಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಇತ್ತು, ಗಮನಿಸಲಿಲ್ಲ. ಅದು ಹಿಟ್ಟು ತಿಗಣೆ. ತಿಂಗಳೊಳಗೆ ಏಳು ದಾಸವಾಳದ ಗಿಡಗಳ ಚಿಗುರು ಮುರುಟಿತು. ಎರಡನ್ನು ಬುಡಸಮೇತ ಕಿತ್ತು ಹಾಕಬೇಕಾಯಿತು. ಆ ಬೇಜಾರು ಇನ್ನೂ ಹೋಗಿಲ್ಲ.

ಹಾಗಾಗಿ ಹೊಸ ಕಡ್ಡಿ, ಹೊಸ ಗಿಡ ಯಾವುದೇ ಇರಲಿ, ಹದಿನೈದು ದಿನ ಬೇರೆ ಕಡೆ ಇಡಿ. ಎಲೆಯ ಹಿಂಭಾಗ, ಗೆಣ್ಣಿನ ಸಂದಿ ದಿನಾ ನೋಡಿ. ಬಿಳಿ ಕಂಡರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ಕುಂಡಕ್ಕೆ ಚೀಟಿ ಸಿಕ್ಕಿಸಿ, ಯಾರ ಮನೆಯದು, ಯಾವ ತಿಂಗಳು ತಂದದ್ದು ಅಂತ ಬರೆಯಿರಿ. ಮೊದಲ ಹೂ ಬಿಟ್ಟ ದಿನ ಆ ಮನೆಯವರಿಗೆ ಫೋಟೊ ಕಳಿಸಿ.